ಅಲಿಗೇಟರ್ ಬೇಟೆಗೆ ರಿಕರ್ವ್ ಬಿಲ್ಲು: ಹಗ್ಗದಿಂದ ಶುರು ಮಾಡಿ

ಪ್ರಶ್ನೆ: ನಾನು ದಾಂಡೇಲಿಯವನು. ಕಾಳಿ ನದಿಯ ಬಂಡೆಗಳ ಮೇಲೆ ಮೊಸಳೆ ಬಿಸಿಲು ಕಾಯುವುದನ್ನು ನೋಡುತ್ತಾ ಬೆಳೆದೆ. ಈಗ ಒಂಬತ್ತು ವರ್ಷದಿಂದ ಫ್ಲೋರಿಡಾದ ಒರ್ಲಾಂಡೊ ಹತ್ತಿರ ಇದ್ದೇನೆ. ಇನ್ನೂ ಎಚ್-1ಬಿ ವೀಸಾ. ಆರು ವರ್ಷದಿಂದ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಅಭ್ಯಾಸ ಮಾಡುತ್ತಿದ್ದೇನೆ, ಬಿಚ್ಚಿ ಜೋಡಿಸುವ 62 ಇಂಚಿನ ಟೇಕ್‌ಡೌನ್, ಎಳೆಯುವ ಬಲ 45 ಪೌಂಡ್. ಈ ಸಲ ಅಲಿಗೇಟರ್ ಪರ್ಮಿಟ್ ಸಿಕ್ಕಿದೆ. ದೋಣಿ ನನ್ನ ಗೆಳೆಯನದು, ಅವನು ಇಲ್ಲಿಯವನೇ. ರಾಟೆ ಇರುವ ಕಾಂಪೌಂಡ್ ಬಿಲ್ಲು, ಬಂದೂಕಿನ ಹಾಗೆ ಹಿಡಿಯುವ ಕ್ರಾಸ್‌ಬೋ ನನಗೆ ಬೇಡ. 60 ಪೌಂಡಿನ ಓಸೇಜ್ ಮರದ ಬಿಲ್ಲು ಮಾಡಿಸೋಣ ಅಂತ ಇದ್ದೇನೆ. ಇಲ್ಲಿನ ಮೂಲನಿವಾಸಿಗಳು ಬರೀ ಮರದ ಬಿಲ್ಲಿನಲ್ಲೇ ಗೇಟರ್ ಹೊಡೆಯುತ್ತಿದ್ದರು ಅಲ್ವಾ? ಗೇಟರ್ ಚರ್ಮ ದಾಟಲು ಎಷ್ಟು ಪೌಂಡ್ ಬೇಕು? ನನ್ನ ಕಾರ್ಬನ್ ಬಾಣ, ಅಗಲ ಅಲಗಿನ ಬ್ರಾಡ್‌ಹೆಡ್ ಮೊನೆ ಸಾಕಾ? ಹೆಂಡತಿಗೆ ತುಂಬಾ ಭಯ. ಒಂದು ಹಲ್ಲು ಊರಿಗೆ ಒಯ್ದು ಅಪ್ಪನಿಗೆ ಕೊಡುವ ಆಸೆಯೂ ಇದೆ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಿಲ್ಲಿನ ಬಗ್ಗೆ ಕೇಳಿದ್ದೀರಿ, ಬಾಣದ ಬಗ್ಗೆ ಕೇಳಿದ್ದೀರಿ, ಪೌಂಡ್ ಎಷ್ಟು ಅಂತ ಕೇಳಿದ್ದೀರಿ. ಹಗ್ಗದ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಕಾಳಜಿ ಆಗಿದ್ದು ಅಲ್ಲೇ.

ನಾನು ಮಧ್ಯ ಫ್ಲೋರಿಡಾದಲ್ಲಿ ಬಿಲ್ಲು ರಿಪೇರಿ ಮಾಡುತ್ತೇನೆ, ಹೆದೆ ಕಟ್ಟುತ್ತೇನೆ. ಸೀಸನ್ ಬಂದರೆ ಗೇಟರ್ ದೋಣಿಗಳಲ್ಲಿ ಜೊತೆಗೆ ಹೋಗುತ್ತೇನೆ. ಜಿಂಕೆ ಬೇಟೆಯಲ್ಲಿ ಪಳಗಿದವರು ಗೇಟರ್‌ಗೆ ಬಂದಾಗ ನಿಮ್ಮ ಹಾಗೇ ಯೋಚಿಸುತ್ತಾರೆ. ಜಿಂಕೆಗೆ ಬಾಣ ಶ್ವಾಸಕೋಶ ಸೀಳಬೇಕು, ರಕ್ತ ಹರಿಯಬೇಕು, ಪ್ರಾಣಿ ನೂರು ಗಜದೊಳಗೆ ಬೀಳಬೇಕು. ಆ ಲೆಕ್ಕದಲ್ಲಿ ಬಿಲ್ಲೇ ಮುಖ್ಯ. ಗೇಟರ್‌ನಲ್ಲಿ ಬಾಣದ ಕೆಲಸ ಒಂದೇ: ಹಗ್ಗದ ತುದಿಯನ್ನು ಪ್ರಾಣಿಯ ಮೈಗೆ ಒಯ್ದು ಅಲ್ಲೇ ನಿಲ್ಲಿಸುವುದು. ಕೊಲ್ಲುವ ಕೆಲಸ ಆಮೇಲೆ, ದೋಣಿಯ ಪಕ್ಕದಲ್ಲಿ, ಬೇರೆ ಸಾಧನದಿಂದ ಆಗುತ್ತದೆ.

ಫ್ಲೋರಿಡಾದ ಕಾನೂನು ಕೂಡ ಹೀಗೇ ಹೇಳುತ್ತದೆ. ಬಿಲ್ಲು, ಕ್ರಾಸ್‌ಬೋ, ಈಟಿ, ಹಾರ್ಪೂನ್ ಎಲ್ಲಕ್ಕೂ ಅವಕಾಶ ಇದೆ. ಆದರೆ ಬಾಣಕ್ಕೆ ಹಗ್ಗ ಕಟ್ಟಿರಲೇಬೇಕು. ಹಗ್ಗ ಇಲ್ಲದ ಬಾಣ ಬಿಟ್ಟರೆ ಅದು ಅಪರಾಧ. ಇದರ ಹಿಂದೆ ಕಾರಣ ಇದೆ. ಅಲಿಗೇಟರ್ ತಣ್ಣನೆಯ ರಕ್ತದ ಪ್ರಾಣಿ. ಅದರ ದೇಹದೊಳಗಿನ ಕೆಲಸವೆಲ್ಲ ತುಂಬಾ ನಿಧಾನ. ಹೃದಯಕ್ಕೇ ಪೆಟ್ಟು ಬಿದ್ದರೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಪೆಟ್ಟು ಬಿದ್ದ ಕೂಡಲೇ ಮುಳುಗುತ್ತದೆ, ತಳದ ಕೆಸರಿಗೆ ಅಂಟಿಕೊಂಡು ಒಂದು ಗಂಟೆ ಉಸಿರು ಬಿಗಿಹಿಡಿದು ಕೂರಬಲ್ಲದು. ಸತ್ತರೂ ತೇಲುವುದಿಲ್ಲ, ಮುಳುಗುತ್ತದೆ. ಹಗ್ಗ ಇಲ್ಲದಿದ್ದರೆ ನೀವು ಗಾಯಗೊಳಿಸಿದ ಪ್ರಾಣಿಯನ್ನು ಮತ್ತೆ ನೋಡುವುದೇ ಇಲ್ಲ. ಅದು ಎಲ್ಲೋ ಜೊಂಡಿನೊಳಗೆ ದಿನಗಟ್ಟಲೆ ನರಳುತ್ತದೆ. ಈ ಬೇಟೆಯಲ್ಲಿ ನನಗೆ ಅತ್ಯಂತ ಸಂಕಟ ಕೊಡುವ ವಿಷಯ ಇದು. ಖಾಲಿ ಕೈಯಲ್ಲಿ ಮನೆಗೆ ಬರುವುದು ಇದರ ಮುಂದೆ ಏನೂ ಅಲ್ಲ.

ಈಗ ಮೂಲನಿವಾಸಿಗಳ ವಿಷಯ. ನೀವು ಹೇಳಿದ್ದು ಅರ್ಧ ನಿಜ. 1564ರಲ್ಲಿ ಫ್ರೆಂಚರ ಜೊತೆ ಫ್ಲೋರಿಡಾಕ್ಕೆ ಬಂದ ಜಾಕ್ ಲ ಮಾಯ್ನ್ ಎಂಬ ಚಿತ್ರಕಾರ ಇಲ್ಲಿನ ಟಿಮುಕುವಾ ಜನರನ್ನು ನೋಡಿದ್ದ. ಅವನ ಹೆಸರಿನಲ್ಲಿ ಥಿಯೊಡೋರ್ ಡಿ ಬ್ರೈ 1591ರಲ್ಲಿ ಅಚ್ಚು ಹಾಕಿದ ಚಿತ್ರಗಳಲ್ಲಿ ಒಂದು ಅಲಿಗೇಟರ್ ಬೇಟೆಯದು. ಬಿಲ್ಲಿನ ಆಸೆ ಇರುವ ಪ್ರತಿಯೊಬ್ಬರಿಗೂ ನಾನು ಅದನ್ನು ನೋಡಿ ಅಂತ ಹೇಳುತ್ತೇನೆ. ಅದರಲ್ಲಿ ಹತ್ತಾರು ಜನ ಸೇರಿ ಉದ್ದನೆಯ ಮರದ ದಿಮ್ಮಿಯನ್ನು ಗೇಟರ್ ಬಾಯೊಳಗೆ ತುರುಕುತ್ತಿದ್ದಾರೆ. ಪಕ್ಕದಲ್ಲಿ ಇನ್ನೊಂದು ಗೇಟರನ್ನು ಅಂಗಾತ ಉರುಳಿಸಿ, ಮೆತ್ತಗಿನ ಹೊಟ್ಟೆಗೆ ಬಾಣ ಬಿಡುತ್ತಿದ್ದಾರೆ, ದೊಣ್ಣೆಯಿಂದ ಬಡಿಯುತ್ತಿದ್ದಾರೆ. ಅಂದರೆ ಮೊದಲು ಹಿಡಿತ, ಆಮೇಲೆ ಬಾಣ. ಬೆನ್ನಿಗೆ ಬಾಣ ನಾಟುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಕೈಯಲ್ಲಿರುವ ಹಗ್ಗ, ಅದರ ತುದಿಗೆ ಕಟ್ಟುವ ಫ್ಲೋಟು (ನೀರಲ್ಲಿ ತೇಲುವ ಬುರುಡೆ) ಅವರ ಆ ದಿಮ್ಮಿಯ ಜಾಗದಲ್ಲಿ ನಿಲ್ಲುತ್ತವೆ. ಹಗ್ಗ ಕಟ್ಟಿದರೆ ಸಾಂಪ್ರದಾಯಿಕ ಬೇಟೆ ಕೆಟ್ಟಿತು ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಚರ್ಮದ ವಿಷಯದಲ್ಲಿ ಎರಡು ಬಗೆಯ ತಪ್ಪು ಕಲ್ಪನೆ ಕೇಳುತ್ತೇನೆ. ಗೇಟರ್‌ಗೆ ಗುಂಡೂ ತಾಗುವುದಿಲ್ಲ ಅನ್ನುವವರು ಒಂದು ಕಡೆ. 60 ಪೌಂಡ್ ಇದ್ದರೆ ಎಲ್ಲಿ ಬೇಕಾದರೂ ತೂರುತ್ತದೆ ಅನ್ನುವವರು ಇನ್ನೊಂದು ಕಡೆ. ಬೆನ್ನು ಮತ್ತು ಕತ್ತಿನ ಮೇಲ್ಭಾಗದಲ್ಲಿ ಚರ್ಮದ ಒಳಗೇ ಮೂಳೆಯ ಬಿಲ್ಲೆಗಳಿವೆ. ತಲೆ ಅಂತೂ ಪೂರ್ತಿ ಮೂಳೆ. ಅಲ್ಲಿ ಬಿದ್ದ ಬಾಣ ಎಷ್ಟೇ ಪೌಂಡ್ ಇದ್ದರೂ ಜಾರಬಹುದು, ಅಥವಾ ಅರ್ಧ ಇಂಚು ಕಚ್ಚಿ ಕಳಚಿಕೊಳ್ಳಬಹುದು. ಆದರೆ ಆ ಬಿಲ್ಲೆಗಳ ಸಾಲು ಮುಗಿದ ಮೇಲೆ ಕೆಳಗಿನ ಪಕ್ಕೆ, ಕತ್ತಿನ ಪಕ್ಕ, ಬಾಲದ ಬುಡದ ಪಕ್ಕ ಬೇರೆಯೇ ಚರ್ಮ. ಚೀಲ, ಬೆಲ್ಟ್ ಮಾಡುವವರು ಹುಡುಕುವುದೇ ಆ ಹೊಟ್ಟೆ-ಪಕ್ಕೆಯ ಮೆತ್ತನೆ ಚರ್ಮವನ್ನು. ಅಲ್ಲಿ ಚೂಪಾದ ಮೊನೆ 50 ಪೌಂಡಿನ ಬಿಲ್ಲಿನಿಂದ ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಎಲ್ಲಿ, ಯಾವ ಕೋನದಲ್ಲಿ ಅನ್ನುವುದು ಪೌಂಡ್‌ಗಿಂತ ಜಾಸ್ತಿ ಮುಖ್ಯ. ದೋಣಿ ಪಕ್ಕದಿಂದ ಬರಬೇಕು. ಗೇಟರ್ ಮುಖ ಮಾಡಿ ನಿಂತಿದ್ದರೆ ಬಾಣ ಬಿಡಬೇಡಿ.

ಇನ್ನು ಸಾಮಾನು. ನಾನು ಹಗ್ಗದ ತುದಿಯಿಂದ ಹಿಂದಕ್ಕೆ ಬರುತ್ತೇನೆ. ಬಿಲ್ಲು ಕೊನೆಗೆ.

ಮೀನಿಗೆ ಬಳಸುವ, 200 ಪೌಂಡ್ ಭಾರ ತಡೆಯುವ ದಾರ ಇಲ್ಲಿ ಸಾಲದು. ಗೇಟರ್ ಮೈ ತಿರುಚಿ ಉರುಳುತ್ತದೆ. ಆಗ ದಾರ ಅದರ ಮೈಗೇ ಸುತ್ತಿಕೊಂಡು ಬಿಲ್ಲೆಗಳ ಅಂಚಿಗೆ ಉಜ್ಜುತ್ತದೆ. ನಾನು 400 ಪೌಂಡಿಗಿಂತ ಕಡಿಮೆಯ ಹೆಣೆದ ದಾರ ಕಟ್ಟುವುದಿಲ್ಲ. ಮೊನೆಯ ಹತ್ತಿರದ ಗೇಣುದ್ದ ಸ್ಟೀಲ್ ಕೇಬಲ್ ಇರಬೇಕು. ದಾರದ ಇನ್ನೊಂದು ತುದಿ ಫ್ಲೋಟ್‌ಗೆ. ಬಿಲ್ಲಿಗೆ ಬಿಗಿಯಾಗಿ ಕಟ್ಟಲೇಬಾರದು, ಕೈಗೆ ಸುತ್ತಿಕೊಳ್ಳಲೇಬಾರದು. ದಾರ ಪೂರ್ತಿ ಬಿಚ್ಚಿದ ಮೇಲೆ ಫ್ಲೋಟ್ ಬಿಲ್ಲಿನಿಂದ ತಾನಾಗಿ ಕಳಚಿ ನೀರಿಗೆ ಹೋಗಬೇಕು. ಆಮೇಲೆ ನೀವು ಫ್ಲೋಟ್ ಹಿಂದೆ ಹೋಗುತ್ತೀರಿ, ಅದನ್ನು ಕಣ್ಣಿನಿಂದ ಮರೆ ಮಾಡದೆ. ದಾರ ಎಷ್ಟು ಉದ್ದ ಅಂದರೆ, ಇಲ್ಲಿನ ಕೆರೆಗಳು ಅಗಲ ಜಾಸ್ತಿ, ಆಳ ಕಡಿಮೆ. ಒಕಿಚೋಬಿಯಂಥ ಸಮುದ್ರದ ಹಾಗೆ ಕಾಣುವ ಕೆರೆಯೂ ಸರಾಸರಿ ಸುಮಾರು 9 ಅಡಿಯೇ. 35, 40 ಅಡಿ ದಾರ ಸಾಕಾಗುತ್ತದೆ. ಸೇಂಟ್ ಜಾನ್ಸ್ ನದಿಯ ಮಡುಗಳಿಗೆ ಹೋಗುವುದಾದರೆ ಇನ್ನಷ್ಟು ಇಟ್ಟುಕೊಳ್ಳಿ.

ಎಎಮ್‌ಎಸ್, ಮಝಿ ಕಂಪನಿಗಳು ಗೇಟರ್‌ಗೆಂದೇ ಫ್ಲೋಟ್ ಸಮೇತ ಕಿಟ್ ಮಾಡುತ್ತವೆ. ರಿಕರ್ವ್ ಬಿಲ್ಲಿಗೂ ಕೂರುತ್ತವೆ. ಸಾಂಪ್ರದಾಯಿಕ ಬಿಲ್ಲಿನವರಿಗೆ ಇಷ್ಟವಾಗುವುದು ಕೈಯಲ್ಲಿ ದಾರ ಸುತ್ತುವ ಸರಳ ಡ್ರಮ್ ರೀಲ್. ನೋಡಲು ಚೆಂದ, ಕೆಡುವುದಕ್ಕೆ ಏನೂ ಇಲ್ಲ. ಮೀನಿಗೆ ಅದು ಒಳ್ಳೆಯದೇ. ಗೇಟರ್‌ಗೆ ಬಳಸುವುದಾದರೆ ದಾರದ ಕೊನೆ ಡ್ರಮ್‌ಗೆ ಗಂಟು ಹಾಕಿರಬಾರದು, ಫ್ಲೋಟ್‌ಗೆ ಹೋಗಿರಬೇಕು. ಕೆಲವರು ತಿರುಗಿಸುವ ಮೀನಿನ ರೀಲನ್ನೇ ಬಿಲ್ಲಿಗೆ ಹಾಕುತ್ತಾರೆ. ಕತ್ತಲಲ್ಲಿ ಅದರ ಬಟನ್ ಒತ್ತಲು ಮರೆತು ಬಾಣ ಬಿಟ್ಟರೆ ದಾರ ಹರಿಯುವುದಿಲ್ಲ. ಆಗ ಬಾಣ ತಿರುಗಿ ನಿಮ್ಮ ಮುಖಕ್ಕೆ ಬರುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ನನಗೇ ಆಗಿದೆ. ಮೊದಮೊದಲು ಅವಸರದಲ್ಲಿ ದಾರವನ್ನು ಬಾಣದ ಹಿಂತುದಿಗೆ ಕಟ್ಟಿದ್ದೆ. ಅದು ಹೆದೆಗೆ ಸಿಕ್ಕಿಕೊಂಡಿತು. ಬಾಣ ಮೂರು ಗಜ ಹೋಗಿ, ದಾರ ರಬ್ಬರಿನ ಹಾಗೆ ಎಳೆದು, ಹಿಂದಕ್ಕೆ ಬಂದು ನನ್ನ ಕಿವಿಯ ಪಕ್ಕ ಹಾದು ದೋಣಿಯ ಬೆಂಚಿಗೆ ನಾಟಿತು. ಎರಡು ಇಂಚು ಈಚೆಗಿದ್ದರೆ ಈ ಉತ್ತರ ಬರೆಯಲು ನಾನು ಇರುತ್ತಿರಲಿಲ್ಲ. ಇದಕ್ಕೆ ಪರಿಹಾರ ಸೇಫ್ಟಿ ಸ್ಲೈಡ್ ಅನ್ನುವ ಚಿಕ್ಕ ತುಣುಕು. ಬಾಣದ ಮೇಲೆ ಜಾರುವ ಒಂದು ಗಟ್ಟಿ ಬಳೆ, ದಾರವನ್ನು ಅದಕ್ಕೇ ಕಟ್ಟುವುದು. ಬಿಲ್ಲು ಪೂರ್ತಿ ಎಳೆದಾಗಲೂ ಬಳೆ ಬಿಲ್ಲಿನ ಮುಂದೆಯೇ ಇರುತ್ತದೆ, ದಾರ ಹೆದೆಯ ಹತ್ತಿರ ಬರುವುದೇ ಇಲ್ಲ. ಪ್ರತಿ ಸಲ ಬಾಣ ಹೂಡುವಾಗ ದಾರ ಎಲ್ಲಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಬೇಟೆಗೆ ಹೊರಟವನಿಗೆ ಗೇಟರ್‌ಗಿಂತ ಈ ದಾರದ ಅಪಾಯವೇ ಹತ್ತಿರದ್ದು. ನಿಮ್ಮ ಮನೆಯವರಿಗೂ ಇದನ್ನು ಹೇಳಿ, ಬಳೆ ತೋರಿಸಿ.

ಮೊನೆ: ನಿಮ್ಮ ಬ್ರಾಡ್‌ಹೆಡ್ ಜಿಂಕೆಗೆ ಇರಲಿ. ಅದು ಅಗಲವಾಗಿ ಸೀಳಿ ರಕ್ತ ಹರಿಸಲು ಮಾಡಿದ್ದು. ಸೀಳಿದ ದಾರಿಯಲ್ಲೇ ಹಿಂದಕ್ಕೂ ಬರುತ್ತದೆ. ನಮಗೆ ಒಳಗೆ ಹೋಗಿ ಅಡ್ಡ ತಿರುಗಿ ಕೂರುವ ಮೊನೆ ಬೇಕು. ಗೇಟರ್ ಮೊನೆ ಬಾಣದ ಕೋಲಿನಿಂದ ಕಳಚಿಕೊಳ್ಳುತ್ತದೆ. ಕೋಲು ಸಡಿಲವಾಗುತ್ತದೆ, ಮೊನೆ ಮತ್ತು ಕೇಬಲ್ ಮಾತ್ರ ಒಳಗೆ ಉಳಿಯುತ್ತವೆ. ಕೋಲು ಬಿಗಿಯಾಗಿಯೇ ಇದ್ದರೆ ಗೇಟರ್ ಒಂದು ಸಲ ಉರುಳಿದಾಗ ಅದೇ ಸನ್ನೆಕೋಲಾಗಿ ಮೊನೆಯನ್ನು ಕಿತ್ತು ಹಾಕುತ್ತದೆ. ಅಂಗಡಿಯಿಂದ ಬಂದ ಮೊನೆ ಸಾಮಾನ್ಯವಾಗಿ ಮೊಂಡು. ಅರದಿಂದ ತಿಕ್ಕಿ, ಉಗುರಿನ ಮೇಲೆ ಇಟ್ಟರೆ ಜಾರದಷ್ಟು ಚೂಪು ಮಾಡಿ.

ಬಾಣ: ಕಾರ್ಬನ್ ಬೇಡ. ಟೊಳ್ಳು ಕಾರ್ಬನ್ ಬಾಣ ಹಗುರ, ಸ್ಲೈಡ್ ಮತ್ತು ದಾರದ ಎಳೆತಕ್ಕೆ ವೇಗ ಕಳೆದುಕೊಳ್ಳುತ್ತದೆ. ಗೇಟರ್ ಮೈಗೆ ಬಡಿದರೆ ಸೀಳುತ್ತದೆ, ಸಿಬಿರು ಕೈಗೆ ಹೋಗುತ್ತದೆ. ಗಟ್ಟಿ ಫೈಬರ್‌ಗ್ಲಾಸ್ ಬಾಣ ತಗೊಳ್ಳಿ. ಜಿಂಕೆಯ ಬಾಣ ಸುಮಾರು 30 ಗ್ರಾಂ ಇದ್ದರೆ ಇದು ಮೊನೆ ಸಮೇತ 90 ಗ್ರಾಂ ಹತ್ತಿರ. ರಿಕರ್ವ್ ಬಿಲ್ಲಿಗೆ ಭಾರದ ಬಾಣ ಹೊಂದುತ್ತದೆ. ನಿಧಾನವಾಗಿ ಹೋದರೂ ತಳ್ಳುವ ಬಲ ಇರುತ್ತದೆ, ಬಿಲ್ಲಿಗೂ ಪೆಟ್ಟು ಕಡಿಮೆ. ಗರಿ ಬೇಕಿಲ್ಲ. 10 ಗಜದ ಆಚೆಗೆ ನೀವು ಬಾಣ ಬಿಡುವುದೇ ಇಲ್ಲ. ನಾನಂತೂ 6, 7 ಗಜಕ್ಕೆ ಕಾಯುತ್ತೇನೆ.

ಈಗ ಬಿಲ್ಲು. ಓಸೇಜ್ ಒಳ್ಳೆಯ ಮರ. ನೀರು ಹೀರುವುದು ಬಿಲ್ಲಿಗೆ ಬಳಸುವ ಇನ್ನೊಂದು ಮರ ಹಿಕರಿಗಿಂತ ಕಡಿಮೆ. ಆದರೂ ಒಂದೇ ಮರದ ಬಿಲ್ಲು ಆಗಸ್ಟ್ ತಿಂಗಳ ಫ್ಲೋರಿಡಾದಲ್ಲಿ, ರಾತ್ರಿಯಿಡೀ ಕೆರೆಯ ಮೇಲೆ, ಒದ್ದೆ ದೋಣಿಯ ತಳದಲ್ಲಿ ಬಿದ್ದಿದ್ದರೆ ತೇವ ಹೀರಿ ಬಲ ಕಳೆದುಕೊಳ್ಳುತ್ತದೆ, ಶಾಶ್ವತವಾಗಿ ಬಾಗುತ್ತದೆ. ಬೆನ್ನಿಗೆ ಪ್ರಾಣಿಯ ನರ ಅಂಟಿಸಿದ ಬಿಲ್ಲಾದರೆ ಇನ್ನೂ ಕಷ್ಟ. ಅದಕ್ಕೆ ಬಳಸುವ, ಪ್ರಾಣಿ ಚರ್ಮದಿಂದ ಮಾಡಿದ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಇನ್ನೊಂದು ತೊಡಕು: ಮರದ ಬಿಲ್ಲಿಗೆ ಸ್ಕ್ರೂ ಹಾಕಿ ರೀಲ್ ಕೂರಿಸಲಾಗದು. ಪಟ್ಟಿ ಸುತ್ತಿ ಕಟ್ಟಬಹುದು, ಆದರೆ ಅದು ಜಾರುತ್ತದೆ. ಮಾಡಿಸಲೇಬೇಕು ಅಂದರೆ ಎಣ್ಣೆ, ಮೇಣ ಚೆನ್ನಾಗಿ ಹಾಕಿಸಿ. ಹೆದೆ ಸ್ವಲ್ಪ ಹಿಗ್ಗುವ ಡಾಕ್ರಾನ್ ದಾರದ್ದೇ ಇರಲಿ, ಹಿಗ್ಗದ ಫಾಸ್ಟ್‌ಫ್ಲೈಟ್ ದಾರ ಬೇಡ. ಹಿಗ್ಗದ ಹೆದೆ ಮರದ ತುದಿಗಳನ್ನು ಸೀಳಬಹುದು. ನನ್ನನ್ನು ಕೇಳಿದರೆ ಓಸೇಜ್ ಬಿಲ್ಲನ್ನು ಮುಂದಿನ ಚಳಿಗಾಲದ ಒಣ ದಿನಗಳಿಗೆ, ಕಾಡುಹಂದಿಗೆ ಇಟ್ಟುಕೊಳ್ಳಿ.

ಲಾಂಗ್‌ಬೋ ಅನ್ನುವ ಉದ್ದನೆಯ ಬಿಲ್ಲು ಕೇಳುವವರೂ ಇದ್ದಾರೆ. 66, 68 ಇಂಚಿನ ಬಿಲ್ಲು ದೋಣಿಯಲ್ಲಿ ಎಲ್ಲೆಂದರಲ್ಲಿ ತಗಲುತ್ತದೆ. ಕೆಳಗಿನ ತುದಿ ದೋಣಿಯ ಅಂಚಿಗೆ ಬಡಿದ ಬಾಣ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ನಿಮ್ಮಲ್ಲಿರುವ 62 ಇಂಚಿನ ಟೇಕ್‌ಡೌನ್ ಸರಿಯಾದ ಬಿಲ್ಲು. ಫೈಬರ್‌ಗ್ಲಾಸ್ ಹಾಸಿದ ರೆಕ್ಕೆಗಳಿಗೆ, ಅಂದರೆ ಬಿಲ್ಲಿನ ಬಾಗುವ ಎರಡು ತೋಳುಗಳಿಗೆ, ತೇವದ ಚಿಂತೆ ಇಲ್ಲ. ಸಾಮಿಕ್ ಸೇಜ್‌ನಂಥ ಬಿಲ್ಲುಗಳಿಗೆ ಸ್ಕ್ರೂ ಹಾಕುವ ಹಿತ್ತಾಳೆ ಗುಂಡಿಗಳು ಮೊದಲೇ ಇರುತ್ತವೆ, ರೀಲ್ ನೇರ ಕೂರುತ್ತದೆ. ನಿಮ್ಮ ಬಿಲ್ಲಿನ ಮುಂಭಾಗ ನೋಡಿ, ಇದ್ದರೆ ಹೊಸ ಬಿಲ್ಲೇ ಬೇಡ. ರೆಕ್ಕೆ ಮಾತ್ರ 50 ಪೌಂಡಿನದು ತಗೊಳ್ಳಿ. ಬಾಣ ಕೂರುವ ಜಾಗದ ರೋಮದ ಪಟ್ಟಿ ನೆಂದು ಕಿತ್ತುಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಅಥವಾ ಬಾಣದಿಂದ ಮೀನು ಹೊಡೆಯುವವರು ಬಳಸುವ ಬೋಫಿಶಿಂಗ್ ರೆಸ್ಟ್ ಹಾಕಿ. ಚರ್ಮದ ಕೈಗವಸು ನೆಂದರೆ ಹೆದೆ ಅಂಟಿಕೊಳ್ಳುತ್ತದೆ, ಹೆದೆಗೇ ರಬ್ಬರ್ ಬೆರಳುಪಟ್ಟಿ ಹಾಕಿಕೊಳ್ಳುವುದು ಸುಲಭ.

60 ಯಾಕೆ ಬೇಡ ಅಂತ ಕೇಳಬಹುದು. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚು ಎಳೆದಾಗಿನದು. ರಾತ್ರಿ ದೋಣಿಯಲ್ಲಿ ಮೊಣಕಾಲೂರಿ, ಕೆಳಮುಖವಾಗಿ, ತಲೆಗೆ ದೀಪ ಕಟ್ಟಿಕೊಂಡು ಎಳೆಯುವಾಗ ಯಾರೂ ಪೂರ್ತಿ ಎಳೆಯುವುದಿಲ್ಲ. ಇಂಚಿಗೆ ಎರಡು, ಮೂರು ಪೌಂಡ್ ಕಡಿಮೆಯಾಗುತ್ತದೆ. ಹಾಗಾಗಿ 45 ನನಗೆ ಸ್ವಲ್ಪ ಕಡಿಮೆ ಅನಿಸುತ್ತದೆ. ಆದರೆ ಆರು ವರ್ಷ 45 ಎಳೆದ ಭುಜ ಮೂರು ತಿಂಗಳಲ್ಲಿ 60ಕ್ಕೆ ಒಗ್ಗುವುದಿಲ್ಲ. ಗೇಟರ್ ಒಂದು ಕ್ಷಣ ಮೇಲೆ ಬಂದಾಗ ಎಳೆದು ಹಿಡಿದು ಕಾಯಬೇಕಾಗುತ್ತದೆ. ಕೈ ನಡುಗಿದರೆ ಬಾಣ ತಲೆಗೆ ಬಡಿಯುತ್ತದೆ. 50 ನೀವು ನಡುಗದೆ ಹಿಡಿಯಬಲ್ಲ ಬಿಲ್ಲು.

ಬಾಣ ನಾಟಿದ ಮೇಲಿನ ಕೆಲಸಕ್ಕೆ ದೋಣಿಯಲ್ಲಿ ಇನ್ನೂ ಕೆಲವು ಸಾಮಾನು ಬೇಕು. ಬಾಣದ ದಾರದಿಂದಲೇ ಗೇಟರನ್ನು ಎಳೆಯಬೇಡಿ. ಅದು ಎಲ್ಲಿದೆ ಅಂತ ತಿಳಿಯಲು ಮಾತ್ರ ಆ ದಾರ. ಸುಸ್ತಾಗಿ ನಿಂತ ಮೇಲೆ ಗಟ್ಟಿ ರಾಡಿನ ಸ್ನ್ಯಾಚ್ ಹುಕ್ (ಎಸೆದು ಎಳೆದು ಸಿಕ್ಕಿಸುವ ಕೊಕ್ಕೆ) ಅಥವಾ ಹಾರ್ಪೂನ್‌ನಿಂದ ಎರಡನೇ ಹಗ್ಗ ಹಾಕಿ. ಎರಡು ಹಗ್ಗ ಇಲ್ಲದೆ ದೋಣಿಯ ಪಕ್ಕಕ್ಕೆ ತರಬೇಡಿ. ಆಮೇಲೆ ಬ್ಯಾಂಗ್ ಸ್ಟಿಕ್, ಅಂದರೆ ಕೋಲಿನ ತುದಿಯಲ್ಲಿ ಗುಂಡು ಇರುವ, ಒತ್ತಿದರೆ ಸಿಡಿಯುವ ಸಾಧನ. ತಲೆಬುರುಡೆಯ ಹಿಂಭಾಗಕ್ಕೆ, ಹಗ್ಗಕ್ಕೆ ಸಿಕ್ಕಿರುವ ಗೇಟರ್‌ಗೆ ಮಾತ್ರ. ಮೆದುಳು ತೀರಾ ಚಿಕ್ಕದು, ಅದಕ್ಕೇ ಜಾಗ ತಪ್ಪಬಾರದು. ಆಮೇಲೆ ಬಾಯಿಗೆ ಟೇಪ್. ಕಚ್ಚುವ ಸ್ನಾಯು ಭಯಂಕರ ಬಲ, ಬಾಯಿ ತೆರೆಯುವ ಸ್ನಾಯು ದುರ್ಬಲ, ಟೇಪ್ ಸಾಕಾಗುತ್ತದೆ. ಸತ್ತಂತೆ ಕಂಡ ಗೇಟರ್ ದೋಣಿಯೊಳಗೆ ಎದ್ದಿದ್ದುಂಟು. ಬೆನ್ನುಹುರಿ ಕತ್ತರಿಸಿ, ಮೆದುಳನ್ನು ಸಲಾಕೆಯಿಂದ ಕೆಡಿಸಿದ ಮೇಲೆಯೇ ಸತ್ತಿದೆ ಅಂತ ನಂಬಿ. ಹಾಗೆ ಮಾಡುವುದೇ ಆ ಜೀವಕ್ಕೂ ಕರುಣೆ.

ಬ್ಯಾಂಗ್ ಸ್ಟಿಕ್ ಅಂದಾಗ ನಿಮ್ಮ ವೀಸಾದ ಮಾತು ಬರುತ್ತದೆ. ಎಚ್-1ಬಿಯಂಥ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೆ ನಿಮ್ಮ ಅಲಿಗೇಟರ್ ಲೈಸೆನ್ಸ್ ಅದಕ್ಕೆ ಒಪ್ಪಿಗೆಯಾಗುತ್ತದಾ ಅಂತ ಇಮಿಗ್ರೇಶನ್ ವಕೀಲರ ಹತ್ತಿರ ಮೊದಲೇ ಕೇಳಿ. ಅಲ್ಲಿಯವರೆಗೆ ಬ್ಯಾಂಗ್ ಸ್ಟಿಕ್ ಗೆಳೆಯನದೇ ಇರಲಿ, ಅವನ ಕೈಯಲ್ಲೇ ಇರಲಿ. ಅವನಿಗೆ ಏಜೆಂಟ್ ಲೈಸೆನ್ಸ್ (ಪರ್ಮಿಟ್ ಇದ್ದವರಿಗೆ ಬೇಟೆಯಲ್ಲಿ ನೆರವಾಗುವವರ ಲೈಸೆನ್ಸ್) ಇರಬೇಕು, ಅದನ್ನೂ ನೋಡಿಕೊಳ್ಳಿ. ಬಿಲ್ಲಿಗೆ ಈ ತೊಡಕು ಇಲ್ಲ.

ಯಾವ ಗೇಟರ್ ಅನ್ನುವುದೂ ಸಾಮಾನಿನಷ್ಟೇ ಮುಖ್ಯ. ಕಣ್ಣಿನಿಂದ ಮೂಗಿನ ಹೊಳ್ಳೆವರೆಗೆ ಎಷ್ಟು ಇಂಚೋ, ಮೈ ಸುಮಾರು ಅಷ್ಟು ಅಡಿ. ಮೊದಲ ಸಲ 6, 7 ಅಡಿಯದು ಸಾಕು. ಆರೆಂಜ್ ಲೇಕ್‌ನಲ್ಲಿ 1,043 ಪೌಂಡಿನದು ಸಿಕ್ಕಿದ್ದ ಕಥೆ ಕೇಳಿ ಆಸೆ ಪಡಬೇಡಿ. ದಕ್ಷಿಣದ ಉಪ್ಪುನೀರಿನ ಕಡೆ ಹೋದರೆ ಅಮೆರಿಕನ್ ಕ್ರೊಕೊಡೈಲ್ ಕೂಡ ಇದೆ. ಮೂತಿ ಕಿರಿದು, ಬಣ್ಣ ಬೂದು, ಬಾಯಿ ಮುಚ್ಚಿದಾಗಲೂ ಕೆಳಗಿನ ಹಲ್ಲು ಕಾಣುತ್ತದೆ. ಅದಕ್ಕೆ ಪೂರ್ತಿ ರಕ್ಷಣೆ ಇದೆ. ಕಾಳಿ ದಂಡೆಯಲ್ಲಿ ಬೆಳೆದ ನಿಮ್ಮ ಕಣ್ಣಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಅಲಿಗೇಟರನ್ನೂ 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದರು. 1987ರಲ್ಲಿ ಚೇತರಿಸಿಕೊಂಡಿತು ಅಂತ ಘೋಷಣೆಯಾಯಿತು. ಮರುವರ್ಷವೇ ಫ್ಲೋರಿಡಾದ ಈ ಬೇಟೆ ಶುರುವಾಯಿತು. ಒಂದು ಪರ್ಮಿಟ್‌ಗೆ ಎರಡು ಟ್ಯಾಗ್, ಅಂದರೆ ಎರಡು ಗೇಟರ್. ಆಗಸ್ಟ್ 15ರಿಂದ ಶುರುವಾಗುವ ಸೀಸನ್‌ನಲ್ಲಿ ಮೊದಲು ನಿಮ್ಮ ಪರ್ಮಿಟ್‌ನಲ್ಲಿ ಬರೆದ ವಾರ ಯಾವುದು ನೋಡಿ. ಕೊಂದ ಕೂಡಲೇ ಬಾಲದ ತುದಿಗೆ ಟ್ಯಾಗ್ ಹಾಕಬೇಕು, ಫೋಟೋ ಆಮೇಲೆ.

ಹಲ್ಲಿನ ಆಸೆ ಬಿಡಿ. ನಿಮ್ಮ ಅಪ್ಪನ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಆದರೆ ಅಲಿಗೇಟರ್‌ನ ಭಾಗಗಳನ್ನು ದೇಶದಾಚೆ ಒಯ್ಯಲು ಅಂತರರಾಷ್ಟ್ರೀಯ ಪರವಾನಗಿಯ ಕಾಗದಗಳ ವ್ಯವಹಾರ ಇದೆ. ಅದಕ್ಕಿಂತ ಮುಖ್ಯ, ದಾಂಡೇಲಿಯಲ್ಲಿ ಆ ಹಲ್ಲು ನೋಡಿದವರಿಗೆ ಅದು ನಮ್ಮ ಮೊಸಳೆಯದೇ. ನಮ್ಮಲ್ಲಿ ಮೊಸಳೆ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಶಿಕ್ಷೆ 3ರಿಂದ 7 ವರ್ಷ ಜೈಲು. ಅಪ್ಪ ಆ ವಿಚಾರಣೆ ಎದುರಿಸುವುದು ಬೇಡ. ಫೋಟೋ ಕಳಿಸಿ.

ಈಗ ಮೇ ತಿಂಗಳು. ರೆಕ್ಕೆ, ಫೈಬರ್‌ಗ್ಲಾಸ್ ಬಾಣ, ಸ್ಲೈಡ್ ಈ ವಾರವೇ ತರಿಸಿ. ಜೂನ್, ಜುಲೈ ರಾತ್ರಿಗಳಲ್ಲಿ ಅದೇ ದೋಣಿ, ಅದೇ ತಲೆದೀಪ, ಅದೇ ಸ್ಲೈಡ್ ಇಟ್ಟುಕೊಂಡು ಗಾರ್ ಮೀನು ಹೊಡೆಯಿರಿ. ಅದರ ಹುರುಪೆ ಕಲ್ಲಿನ ಹಾಗೆ, ಮೊನೆ ಮೊಂಡಾಗಿದ್ದರೆ ತಕ್ಷಣ ತಿಳಿಯುತ್ತದೆ. ನೀರೊಳಗಿನ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ, ಹಾಗಾಗಿ ಕೆಳಗೆ ಗುರಿ ಇಡಿ. ಗೇಟರ್ ಪೂರ್ತಿ ಮೇಲೆ ತೇಲುತ್ತಿದ್ದರೆ ಆ ಲೆಕ್ಕ ಬೇಡ. ಒಂದು ದಿನ 20 ಲೀಟರ್ ಕ್ಯಾನಿಗೆ ಅರ್ಧ ನೀರು ತುಂಬಿ, ದಾರದ ಮೊನೆಯ ತುದಿಯನ್ನು ಅದಕ್ಕೆ ಕಟ್ಟಿ ದೋಣಿಯಿಂದ ಎಸೆಯಲು ಗೆಳೆಯನಿಗೆ ಹೇಳಿ. ಫ್ಲೋಟ್ ಬಿಲ್ಲಿನಿಂದ ತಡೆಯಿಲ್ಲದೆ ಕಳಚುತ್ತದಾ ನೋಡಿ. ಎಲ್ಲಾದರೂ ತಗಲಿದರೆ ಅಲ್ಲಿ ಗುರುತು ಹಾಕಿ, ರೀಲ್ ಕೂರಿಸಿದ ಬಿಲ್ಲಿನ ಫೋಟೋ ಜೊತೆಗೆ ನನಗೆ ಕಳಿಸಿ.